ಜರಡಿ ಅಕ್ಕನ ಇನ್ನೂರ ನಲವತ್ತು ದಿನ

ಮೂರು ತಿಂಗಳ ಹಿಂದೆ ನಿಪ್ಪಾಣಿಯಲ್ಲಿ ನನ್ನ ಷಡ್ಡಕನ ಮೊಮ್ಮಗಳ ಮದುವೆಗೆ ಹೋಗಿದ್ದೆ. ಅಕ್ಷತೆ ಬಿದ್ದು ಊಟದ ಪಂಕ್ತಿ ಶುರುವಾಗುವ ಹೊತ್ತಿಗೆ ಮದುಮಗನ ಮುಂದೆ ಅಕ್ಕಿ ಹರಡಿದ ತಾಟೊಂದನ್ನು ತಂದಿಟ್ಟರು. ನಮ್ಮ ಗಡಿಭಾಗದ ಹಲವು ಮನೆಗಳಲ್ಲಿ ಈ ಪದ್ಧತಿ ಇನ್ನೂ ಉಳಿದಿದೆ. ಮದುಮಗ ತನ್ನ ಉಂಗುರದ ತುದಿಯಿಂದ ಆ ಅಕ್ಕಿಯಲ್ಲಿ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ತವರಿನ ಹೆಸರು ತವರಿನಲ್ಲೇ ಉಳಿಯುತ್ತದೆ, ಗಂಡನ ಮನೆಯಲ್ಲಿ ಅವಳು ಬೇರೆ ಹೆಸರಿನವಳು. ಹುಡುಗ ಬರೆದ. ಎಲ್ಲರೂ ಬಗ್ಗಿ ಓದಿದರು, ಪೇಢೆ ಹಂಚಿದರು. ನನಗೆ ಕೊಟ್ಟ ಪೇಢೆ ನನ್ನ ಕೈಯಲ್ಲೇ ಉಳಿಯಿತು.

ಆ ಮದುವೆ ನಡೆದ ಮಂಗಲ ಕಾರ್ಯಾಲಯ ನಿಂತಿರುವ ಜಾಗದಲ್ಲಿ ಮೊದಲು ತಂಬಾಕಿನ ವಖಾರಿ ಇತ್ತು. ವಖಾರಿ ಎಂದರೆ ದೊಡ್ಡ ಗೋದಾಮು. ರೈತರ ತಂಬಾಕು ಅಲ್ಲಿಗೆ ಬಂದು, ಹೆಂಗಸರ ಕೈಯಲ್ಲಿ ಬಡಿಸಿಕೊಂಡು, ಜರಡಿ ಹಿಡಿಸಿಕೊಂಡು, ಬೀಡಿಗೆ ತಕ್ಕ ಪುಡಿಯಾಗಿ ಹೊರಗೆ ಹೋಗುತ್ತಿತ್ತು. ಅಲ್ಲಿ ನಾನು ಇಪ್ಪತ್ತೆರಡು ವರ್ಷ ದಿವಾಣಜಿ ಆಗಿದ್ದೆ, ಅಂದರೆ ಹಜೇರಿ ಬರೆಯುವ ಗುಮಾಸ್ತ. ಮೆಟ್ರಿಕ್ ಪಾಸಾಗಿದ್ದೆ, ಅಕ್ಷರ ಚೆನ್ನಾಗಿತ್ತು. ಆ ಚೆಂದದ ಅಕ್ಷರದಲ್ಲಿ ನಾನು ಏನು ಬರೆದೆ ಎಂಬುದನ್ನು ಈಗ ಹೇಳಬೇಕಾಗಿದೆ. ಮಗ ಬೇಡ ಎಂದ. ಆಗಿಹೋದದ್ದು, ಎಲ್ಲರೂ ಮಾಡುತ್ತಿದ್ದದ್ದು, ಈಗ ಯಾರಿಗೆ ಬೇಕು ಎಂದ. ನನಗೆ ಬೇಕು. ಎಲ್ಲರೂ ಮಾಡುತ್ತಿದ್ದರೋ ಇಲ್ಲವೋ ನನಗೆ ತಿಳಿಯದು. ನಮ್ಮ ವಖಾರಿಯಲ್ಲಿ ಮಾಡಿದವನು ನಾನು.

ವರ್ಷದಲ್ಲಿ ಇನ್ನೂರ ನಲವತ್ತು ದಿನ ದುಡಿದರೆ ಅದನ್ನು ಕಾಯ್ದೆ ಸತತ ಸೇವೆ ಎನ್ನುತ್ತದೆ. ಅಷ್ಟು ದುಡಿದವರನ್ನು ಸುಮ್ಮನೆ ಮನೆಗೆ ಕಳಿಸಲು ಬರುವುದಿಲ್ಲ. ಧಂದೆ ಮುಚ್ಚಿದರೂ ಪರಿಹಾರ ಕೊಟ್ಟೇ ಮುಚ್ಚಬೇಕು. ನಮ್ಮ ಮಾಲಕರಿಗೆ ಇದೇ ಚಿಂತೆ. ನಡುನಡುವೆ ಹೆಂಗಸರನ್ನು ಬಿಡಿಸೋಣವೆಂದರೆ ಕೆಲಸ ನಿಲ್ಲುತ್ತದೆ, ಬಿಡಿಸದಿದ್ದರೆ ದಿನ ತುಂಬುತ್ತವೆ. ಒಂದು ಸಂಜೆ ಅವರು ಹೀಗೆ ತಲೆ ಕೆಡಿಸಿಕೊಂಡು ಕುಳಿತಾಗ ದಾರಿ ತೋರಿಸಿದವನು ನಾನೇ. ಹೆಂಗಸರಿಗೆ ಹೇಗಿದ್ದರೂ ಎರಡು ಹೆಸರು. ಅರ್ಧ ವರ್ಷ ತವರಿನ ಹೆಸರಿನಲ್ಲಿ ಹಜೇರಿ ಹಾಕೋಣ, ಉಳಿದರ್ಧ ಗಂಡನ ಮನೆಯ ಹೆಸರಿನಲ್ಲಿ. ಪುಸ್ತಕದಲ್ಲಿ ಇಬ್ಬರು ಹೆಂಗಸರು ಬಂದು ಹೋದಂತೆ ಆಗುತ್ತದೆ, ಯಾರದೂ ದಿನ ತುಂಬುವುದಿಲ್ಲ. ಮಾಲಕರು ನನ್ನ ಬೆನ್ನು ತಟ್ಟಿದರು. ಆ ದೀಪಾವಳಿಗೆ ನನಗೊಂದು ಕೈಗಡಿಯಾರ ಕೊಟ್ಟರು.

ಹತ್ತೊಂಬತ್ತು ಹೆಂಗಸರು. ಅವರಿಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ. ಪುಸ್ತಕ ನನ್ನ ಮೇಜಿನ ಮೇಲೆ, ಪಗಾರ ವಾರಕ್ಕೊಮ್ಮೆ ಕೈಗೆ, ಸಹಿ ಇಲ್ಲ, ಹೆಬ್ಬೆಟ್ಟು ಇಲ್ಲ. ಅವರು ತಮ್ಮ ತಮ್ಮಲ್ಲೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಐನಾಪುರದಾಕಿ, ತೆಲಸಂಗದಾಕಿ, ಹೀಗೆ ಬಂದ ಊರೇ ಹೆಸರು. ಯಾವ ಎರಡು ಹೆಸರು ಸೇರಿದರೆ ಒಬ್ಬ ಹೆಂಗಸು ಎನ್ನುವುದು ಜಗತ್ತಿನಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.

ಅವರಲ್ಲಿ ಒಬ್ಬಳನ್ನು ಮಾತ್ರ ಎಲ್ಲರೂ ಜರಡಿ ಅಕ್ಕ ಎನ್ನುತ್ತಿದ್ದರು. ಜರಡಿಯ ಸಾಲಿನಲ್ಲಿ ಮೊದಲು ಕೂರುವವಳು ಅವಳು. ನಲವತ್ತರ ಹತ್ತಿರದ ವಯಸ್ಸು, ಸಣ್ಣ ಮೈ, ಗಟ್ಟಿ ದನಿ. ತಂಬಾಕಿನ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಇಡೀ ವಖಾರಿಗೆ ಕೇಳುವಂತೆ ಮಾತಾಡುತ್ತಿದ್ದಳು. ಸಂಜೆ ಮನೆಗೆ ಹೋಗುವಾಗ ಗೇಟಿನಲ್ಲಿ ಹೆಂಗಸರ ಸೆರಗು ಕೊಡವಿಸಿ ನೋಡುವ ಒಂದು ನಾಚಿಕೆಗೇಡಿನ ರೂಢಿ ನಮ್ಮಲ್ಲಿತ್ತು, ಯಾರಾದರೂ ಪುಡಿ ಕಟ್ಟಿಕೊಂಡು ಹೋದಾರು ಎಂದು. ಒಂದು ದಿನ ಅವಳು ಸೆರಗು ಕೊಡವಿ, ಮಾಲಕರ ಎದುರೇ ಎದೆ ಮುಟ್ಟಿಕೊಂಡು, “ಸೆರಗಿನ್ಯಾಗ ಏನೂ ಇಲ್ರಿ ಮಾಲಕರ. ನಿಮ್ಮ ಮಾಲೆಲ್ಲಾ ಇಲ್ಲೈತಿ. ಬೇಕಾದ್ರ ಕೆಮ್ಮಿ ಕೊಡ್ತೀನಿ, ತೂಕಾ ಮಾಡಿಕೋರಿ” ಎಂದಳು. ಹೆಂಗಸರೆಲ್ಲ ನಕ್ಕರು. ಮರುದಿನದಿಂದ ಸೆರಗು ನೋಡುವುದು ನಿಂತಿತು.

ಅವಳ ಗಂಡ ರಾಯಬಾಗದ ಕಡೆಯವನು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಮಗಳಿಗೆ ಏಳೆಂಟು ವರ್ಷವಿದ್ದಾಗ ಬೇರೊಬ್ಬಳ ಜೊತೆ ಸಂಸಾರ ಹೂಡಿ ಇವಳನ್ನು ಬಿಟ್ಟಿದ್ದ. ಇವಳು ಅತ್ತುಕೊಂಡು ಕೂರಲಿಲ್ಲ. ರಾಯಬಾಗದ ಕೋರ್ಟಿನಲ್ಲಿ ಪೋಟಗಿಯ ಕೇಸು ಹಾಕಿದಳು. ಬಿಟ್ಟುಹೋದ ಗಂಡ ಹೆಂಡತಿ ಮಕ್ಕಳ ಹೊಟ್ಟೆಗೆ ಕೊಡಬೇಕಾದ್ದನ್ನು ನಮ್ಮ ಕಡೆ ಪೋಟಗಿ ಎನ್ನುತ್ತಾರೆ. ತಾರೀಖು ಇದ್ದ ದಿನ ರಜೆ ಕೇಳುತ್ತಿದ್ದಳು. ನಾನು ಅರ್ಧ ದಿನದ ಹಜೇರಿಯನ್ನೂ ಕತ್ತರಿಸುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷ ಆಗಿತ್ತು. ಒಂದು ಮಧ್ಯಾಹ್ನ ಆ ಗಂಡ ನನ್ನ ಮನೆಗೆ ಬಂದ. ದೂರದ ಸಂಬಂಧದಲ್ಲಿ ಅವನಿಗೆ ನಾನು ಮಾವನಾಗಬೇಕು. ಚಹಾ ಕುಡಿಯುತ್ತ ತನ್ನ ಕಷ್ಟ ತೋಡಿಕೊಂಡ. “ಮಾಮಾ, ನಂದು ಆರ ತಿಂಗಳ ಸೀಜನ್ ಕೆಲಸಾ. ಉಳಿದ ಆರ ತಿಂಗಳ ಖಾಲಿ ಕುಂದ್ರತೀನಿ. ಆಕಿ ಬಾರಾ ತಿಂಗಳ ದುಡಿತಾಳ. ಇದ್ದದ್ದ ಬರದ ಕೊಡ್ರಿ, ಸುಳ್ಳೇನೂ ಬ್ಯಾಡ” ಎಂದ. ಅವನ ವಕೀಲರಿಗೆ ವಖಾರಿಯ ಒಂದು ಪತ್ರ ಬೇಕಾಗಿತ್ತು. ಕೋರ್ಟಿನ ಅರ್ಜಿಯಲ್ಲಿ ಗಂಡನ ಮನೆಯ ಹೆಸರಿತ್ತು, ರೇಶನ್ ಕಾರ್ಡಿನಲ್ಲಿ ತವರಿನದು. ಸಂಶಯ ಬರಬಾರದೆಂದು ಎರಡೂ ಹೆಸರನ್ನು ಒಂದೇ ಸಾಲಿನಲ್ಲಿ ಬರೆಯಬೇಕೆಂದು ವಕೀಲರು ಹೇಳಿ ಕಳಿಸಿದ್ದರು.

ನಾನು ಬರೆದೆ. ಇಂಥ ಹೆಸರಿನವಳು, ಮೊದಲಿನ ಹೆಸರು ಇಂಥದು, ನಮ್ಮ ವಖಾರಿಯಲ್ಲಿ ವರ್ಷವಿಡೀ ಖಾಡೆ ಇಲ್ಲದೆ, ಅಂದರೆ ನಡುವೆ ಬಿಡದೆ, ದುಡಿಯುತ್ತಾಳೆ, ಅವಳ ಗಳಿಕೆ ಅವಳ ಉಪಜೀವನಕ್ಕೆ ಸಾಕಾಗುತ್ತದೆ. ಕೆಳಗೆ ಸಹಿ, ವಖಾರಿಯ ಶಿಕ್ಕೆ, ಅಂದರೆ ಮೊಹರು. ಕೊನೆಯ ಮಾತೊಂದು ಬಿಟ್ಟರೆ, ಆ ಇಪ್ಪತ್ತೆರಡು ವರ್ಷಗಳಲ್ಲಿ ಅವಳ ಬಗ್ಗೆ ನಾನು ಬರೆದ ನಿಜವೆಂದರೆ ಅದೊಂದೇ. ಬರೆದದ್ದು ಮಾತ್ರ ಅವಳ ತಾಟಿನ ಅನ್ನ ಕಿತ್ತುಕೊಳ್ಳಲು. ಹಜೇರಿ ಪುಸ್ತಕದಲ್ಲಿ ಅವಳನ್ನು ಇಬ್ಬರನ್ನಾಗಿ ಮಾಡಿದ್ದೇನೆ ಎನ್ನುವುದು ಶಿಕ್ಕೆ ಒತ್ತುವಾಗ ನನಗೆ ನೆನಪಿರಲಿಲ್ಲವೇ? ಇತ್ತು. ಆದರೆ ಪುಸ್ತಕ ನಿಪ್ಪಾಣಿಯಲ್ಲಿ, ಕಾಗದ ರಾಯಬಾಗದಲ್ಲಿ. ಇವೆರಡು ಒಂದು ಮೇಜಿನ ಮೇಲೆ ಎಂದೂ ಬರಲಾರವು ಎಂದುಕೊಂಡೆ...

ಆ ಕಾಗದದಿಂದ ಅವಳ ಕೇಸು ತೂಗಿಕೊಂಡು ನಿಂತಿತು. ಅಷ್ಟರಲ್ಲಿ ಮಾಲಕರು ವಖಾರಿ ಮುಚ್ಚುವ ಮಾತು ತೆಗೆದರು. ಧಂದೆ ಇಳಿದದ್ದು ಸುಳ್ಳಲ್ಲ. ಬೀಡಿ ಸೇದುವವರು ಕಡಿಮೆಯಾಗಿದ್ದರು, ರೈತರು ತಂಬಾಕು ಬಿಟ್ಟು ಕಬ್ಬು, ಸೋಯಾ ಹಿಡಿದಿದ್ದರು. ಆದರೆ ಮಂಗಲ ಕಾರ್ಯಾಲಯದ ನಕಾಶೆ ಅದಕ್ಕೂ ಮೊದಲೇ ತಯಾರಾಗಿತ್ತು, ಅದನ್ನು ಕಣ್ಣಾರೆ ನೋಡಿದವನು ನಾನು. ಒಂದು ಶನಿವಾರ ಪಗಾರ ಕೊಟ್ಟು, ಸೋಮವಾರದಿಂದ ಬರುವುದು ಬೇಡ ಎಂದು ಹೆಂಗಸರಿಗೆ ಹೇಳಿದೆವು. ಹನ್ನೆರಡು ಜನ ಸುಮ್ಮನೆ ಹೋದರು. ಕೆಲವರು ತವರಿಗೆ, ಕೆಲವರು ಮಗಳ ಮನೆಗೆ, ದ್ರಾಕ್ಷಿ ತೋಟದ ಕೂಲಿಗೆ. ಏಳು ಜನ ಹೋಗಲಿಲ್ಲ. ಜರಡಿ ಅಕ್ಕನನ್ನು ಮುಂದಿಟ್ಟುಕೊಂಡು ಚಿಕ್ಕೋಡಿಯಲ್ಲಿ ಲೇಬರ್ ಸಾಹೇಬರಿಗೆ ಅರ್ಜಿ ಕೊಟ್ಟರು. ಮಾಲಕರು ಸಾಹೇಬರ ಮುಂದೆ ನನ್ನ ಪುಸ್ತಕ ಇಟ್ಟರು. ಅದರ ಪ್ರಕಾರ ಒಬ್ಬಳದೂ ಇನ್ನೂರ ನಲವತ್ತು ದಿನ ತುಂಬಿರಲಿಲ್ಲ. ತನ್ನ ಎರಡು ಹೆಸರು ಎರಡು ಹಾಳೆಗಳ ಮೇಲೆ ಇರುವುದನ್ನು ಅವಳು ಮೊದಲು ಕಂಡದ್ದು ಆ ದಿನ.

ಅದನ್ನು ಮುರಿಯುವ ಕಾಗದ ಜಗತ್ತಿನಲ್ಲಿ ಒಂದೇ ಇತ್ತು. ಅದರ ನಕಲು ಅವಳ ರಾಯಬಾಗದ ವಕೀಲರ ಬಳಿ ಇತ್ತು, ಗಂಡನ ಕಡೆಯವರು ಹಾಜರುಪಡಿಸಿದ್ದು. ಆ ವಕೀಲರು ಎಷ್ಟೋ ವರ್ಷದ ಮೇಲೆ, ಒಂದು ಬಸ್ ನಿಲ್ದಾಣದಲ್ಲಿ ಕುಳಿತಾಗ, ಮುಂದಿನದನ್ನು ನನಗೆ ಹೇಳಿದರು. ಅವರು ಅವಳನ್ನು ಹೀಗೆ ಎಚ್ಚರಿಸಿದ್ದರಂತೆ: ಇಲ್ಲಿ ರಾಯಬಾಗದಲ್ಲಿ ಆ ಕಾಗದ ಸುಳ್ಳು ಎಂದು ನಾನು ವಾದ ಮಾಡುತ್ತಿದ್ದೇನೆ. ನೀನೇ ಅದನ್ನು ಚಿಕ್ಕೋಡಿಗೆ ಒಯ್ದು ಖರೆ ಎಂದರೆ, ನಿನ್ನ ಪೋಟಗಿ ಹೋಯಿತು ಎಂದೇ ತಿಳಿ. ವರ್ಷವಿಡೀ ದುಡಿದವಳಿಗೆ ಇಷ್ಟು ವರ್ಷದ ಬಾಕಿ ಯಾವ ಕೋರ್ಟೂ ಕೊಡಿಸುವುದಿಲ್ಲ. ವಿಚಾರ ಮಾಡು, ನಾಲ್ಕು ದಿನ ಬಿಟ್ಟು ಬಾ.

ಅವಳು ನಾಲ್ಕು ದಿನ ಬಿಡಲಿಲ್ಲ. ಅಲ್ಲೇ ಹೇಳಿದಳಂತೆ:

“ದುಡದದ್ದನ್ನ ದುಡದಿಲ್ಲ ಅನ್ನಾಕ ನನಗ ಆಗೂದಿಲ್ರಿ ವಕೀಲರ. ಅವನ ಕೂಳಿಗೋಸ್ಕರ ನನ್ನ ಕೈ ಸುಳ್ಳ ಅನ್ಲ್ಯಾ? ಕೊಡ್ರಿ ಆ ಕಾಗದಾ.”

ಚಿಕ್ಕೋಡಿಯ ಆ ಕಚೇರಿ ಇಂದಿಗೂ ನನ್ನ ಕಣ್ಣ ಮುಂದಿದೆ. ಕಬ್ಬಿಣದ ಮೇಜು, ಹಸಿರು ಬಣ್ಣದ ಗೋಡೆ. ಒಂದು ಕಡೆ ಮಾಲಕರು ಮತ್ತು ನಾನು. ಇನ್ನೊಂದು ಕಡೆ ಏಳು ಹೆಂಗಸರು, ಕುರ್ಚಿ ಇದ್ದರೂ ನಿಂತೇ ಇದ್ದರು. ಮಾಲಕರು ತಮ್ಮ ಕಷ್ಟವನ್ನು ಬಹಳ ಹೊತ್ತು ಹೇಳಿದರು. ಬ್ಯಾಂಕು, ಸರ್ಕಾರದ ತೆರಿಗೆ, ಕುಸಿದ ವ್ಯಾಪಾರ. ಗಂಡ ರಾಯಬಾಗದಲ್ಲಿ ತನ್ನ ಖಾಲಿ ಆರು ತಿಂಗಳುಗಳ ಬಗ್ಗೆ ಹೀಗೆಯೇ ಹೇಳಿರಬೇಕು. ಈಗ ಯೋಚಿಸಿದರೆ, ಎರಡೂ ಕಡೆ ಕಷ್ಟ ಹೇಳಿಕೊಂಡವರು ಇದ್ದುಳ್ಳ ಗಂಡಸರೇ. ಅವಳು ಒಂದು ಸಲವೂ ತನ್ನ ಕಷ್ಟ ಹೇಳಲಿಲ್ಲ. ತನ್ನ ಕೆಲಸ ಹೇಳಿದಳು. ಎಷ್ಟು ಹೊತ್ತಿಗೆ ಬರುತ್ತಿದ್ದೆ, ಎಷ್ಟು ಜರಡಿ ಹಿಡಿಯುತ್ತಿದ್ದೆ, ಯಾವ ಹಬ್ಬಕ್ಕೆ ರಜೆ ಇತ್ತು, ಯಾವುದಕ್ಕೆ ಇರಲಿಲ್ಲ.

ಸಾಹೇಬರು ನನ್ನನ್ನು ಕೇಳಿದರು, ಈ ಎರಡು ಹೆಸರು ಒಬ್ಬಳವೋ ಇಬ್ಬರವೋ? ನಾನು ಇಬ್ಬರವು ಎಂದೆ. ವಾರಗಿತ್ತಿಯರು, ಒಬ್ಬಳು ಬಿಟ್ಟ ಮೇಲೆ ಇನ್ನೊಬ್ಬಳು ಬರುತ್ತಿದ್ದಳು ಎಂದೆ. ನನ್ನ ಬಾಯಿಗೆ ಆ ಮಾತು ಎಷ್ಟು ಸಲೀಸಾಗಿ ಬಂತು...

ಜರಡಿ ಅಕ್ಕ ನಕ್ಕಳು. ನಕ್ಕರೆ ಅವಳಿಗೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಲ್ಲುವ ತನಕ ಎಲ್ಲರೂ ಕಾದೆವು.

“ನನಗ ವಾರಗಿತ್ತಿ ಇದ್ದದ್ದು ನನಗ ಗೊತ್ತ ಇರಲಿಲ್ರಿ ದಿವಾಣಜಿ. ಕರಸ್ರಿ ಆಕೀನ್ನ. ಅರ್ಧಾ ವರ್ಷ ನನ್ನ ಜರಡಿ ಹಿಡದಾಳಲ್ಲಾ, ಒಂದ ಸಲ ಕಾಲಿಗಿ ಬೀಳ್ತೀನಿ” ಎಂದು, ಬ್ಲೌಸಿನಿಂದ ಮಡಿಚಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ನನ್ನ ಅಕ್ಷರ. ಎರಡೂ ಹೆಸರು ಒಂದೇ ಸಾಲಿನಲ್ಲಿ. ಸಹಿ, ಶಿಕ್ಕೆ.

ಸಾಹೇಬರು ಅದನ್ನು ಎರಡು ಸಲ ಓದಿದರು. ಸಹಿ ನಿಮ್ಮದೇನು ಎಂದು ಕೇಳಿದರು. ನಾನು ಮಾಲಕರ ಮುಖ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಹೌದು ಎಂದೆ. ಅವಳ ಜೊತೆ ಬಂದ ಆರು ಜನರೂ ತಮ್ಮ ತಮ್ಮ ಎರಡು ಹೆಸರು ತಾವೇ ಹೇಳಿದರು, ಸಾಹೇಬರು ಪುಸ್ತಕ ತಿರುವಿ ಹಾಳೆಗೆ ಹಾಳೆ ಕೂಡಿಸಿದರು. ಏಳು ಜನರ ದಿನ ತುಂಬಿ ಮೇಲೆ ಉಳಿದವು.

ಆಗ ಸಾಹೇಬರು ಪೆನ್ನು ಕೆಳಗಿಟ್ಟು ಕೇಳಿದ ಪ್ರಶ್ನೆಯೇ ನನ್ನನ್ನು ಈಗಲೂ ಬಿಟ್ಟಿಲ್ಲ. ಇಲ್ಲಿಗೆ ಬರದ ಹೆಂಗಸರೂ ಇದ್ದಾರಲ್ಲ, ಅವರ ಜೋಡಿ ಹೆಸರು ಯಾವುವು, ಹೇಳಿ ಬರೆದುಕೊಳ್ಳುತ್ತೇನೆ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳಿದ್ದರೆ ನನಗೆ ಅಲ್ಲಿಯೇ ಬಿಡುಗಡೆ ಇತ್ತು. ನನಗೂ ಮಾಲಕರಿಗೂ ಮಾತ್ರ ಗೊತ್ತಿದ್ದ ಸುಳ್ಳು ಆಗಲೇ ಒಡೆದಿತ್ತು, ಇನ್ನು ಮುಚ್ಚುವುದೇನಿತ್ತು? ಹನ್ನೆರಡು ಜೋಡಿ ಹೆಸರು ನನ್ನ ನಾಲಗೆಯ ಮೇಲೆ ಪಾಠದ ಹಾಗೆ ಇದ್ದವು.

“ನೆನಪಿಲ್ಲ ಸಾಹೇಬ್ರ” ಎಂದೆ.

ಮಾಲಕರು ಕಿಟಕಿಯಿಂದ ಮುಖ ತಿರುಗಿಸಿದರು. ಜರಡಿ ಅಕ್ಕ ನನ್ನನ್ನು ನೋಡಿದಳು. “ಮಾಲಕರ ಮಗಳ ಲಗ್ನಕ್ಕ ಯಾರ್ಯಾರ ಏನೇನ ಆಯೇರ ಮಾಡಿದ್ರು ಅನ್ನೂದ ಬಾಯಿಪಾಠ ಐತಿ ನಿಮಗ. ಹನ್ನೆರಡ ಹೆಣ್ಮಕ್ಕಳ ಹೆಸರ ನೆನಪಿಲ್ಲ” ಎಂದಳು. ಅದು ಬೈಗುಳವಾಗಿರಲಿಲ್ಲ. ಆ ಮಾತನ್ನೂ ಬರೆದುಕೊಳ್ಳಿ ಎಂಬಂತೆ ಸಾಹೇಬರ ಕಡೆ ನೋಡಿದಳು, ಅಷ್ಟೇ.

ಏಳು ಜನರಿಗೆ ಪರಿಹಾರ ಸಿಕ್ಕಿತು. ಮಾಲಕರು ಮೊದಲು ಅವಳೊಬ್ಬಳಿಗೇ ಹೆಚ್ಚು ಕೊಟ್ಟು ಮುಗಿಸಲು ನೋಡಿದ್ದರು, ಆ ಮಾತು ತೆಗೆದುಕೊಂಡು ಹೋದವನೂ ನಾನೇ. ಅವಳು ಹೊಸ್ತಿಲ ಮೇಲೆಯೇ ನಿಲ್ಲಿಸಿ, ಒಳಗೆ ಕರೆಯದೆ ಕಳಿಸಿದ್ದಳು. ರಾಯಬಾಗದಲ್ಲಿ ವಕೀಲರು ಹೇಳಿದಂತೆಯೇ ಆಯಿತು. ಗಂಡನ ವಕೀಲರು ಚಿಕ್ಕೋಡಿಯ ಕಾಗದ ತಂದು ತೋರಿಸಿದರು. ಅವಳ ಪಾಲಿನ ಬಾಕಿ ಹೋಯಿತು, ಮಗಳಿಗೆ ಮಾತ್ರ ತಿಂಗಳಿಗಿಷ್ಟು ಎಂದು ಆಯಿತು. ಅವನು ಅದನ್ನೂ ನಾಲ್ಕು ತಿಂಗಳು ಕೊಟ್ಟು ನಿಲ್ಲಿಸುತ್ತಿದ್ದ. ಅವಳು ಪ್ರತಿ ಸಲ ಮತ್ತೆ ಅರ್ಜಿ ಹಾಕಿ ವಸೂಲು ಮಾಡಿದಳು. ಬಂದ ಪರಿಹಾರದಲ್ಲಿ ಒಂದು ಹಿಟ್ಟಿನ ಗಿರಣಿ ಇಟ್ಟಳು. ಅಲ್ಲಿಯೂ ಧೂಳೇ. ಮಗಳನ್ನು ನರ್ಸಿಂಗ್ ಓದಿಸಿದಳು.

ನಾನು ಅವಳ ಗಿರಣಿಗೆ ಕಾಲಿಡಲು ಮೂರು ವರ್ಷ ಹಿಡಿಯಿತು. ಜೋಳ ಬೀಸಿಸುವ ನೆಪ ಮಾಡಿಕೊಂಡು ಹೋದೆ. ಗಿರಾಕಿಗಳು ಹೋಗುವ ತನಕ ಗೋಡೆಗೆ ಆತು ನಿಂತೆ. ಆಮೇಲೆ ತಪ್ಪಾಯಿತು ಎಂದೆ. ಇನ್ನೂ ಏನೇನೋ ಹೇಳಿದೆ, ಮಾಲಕರ ಉಪ್ಪು ತಿಂದಿದ್ದೆ, ಮನೆಯಲ್ಲಿ ಮೂರು ಮಕ್ಕಳಿದ್ದರು, ಹೀಗೆ. ಅವಳು ಗಿರಣಿಯ ಪಟ್ಟಿ ಸರಿಮಾಡುತ್ತಲೇ ಕೇಳಿದಳು. ಮುಗಿದ ಮೇಲೆ ಹಿಟ್ಟಿನ ಕೈ ಕೊಡವಿಕೊಂಡಳು.

“ನನ್ನ ಮುಂದ ಯಾಕ ಹೇಳ್ತೀರಿ? ನಂದು ನಾ ಜಗಳಾಡಿ ತಗೊಂಡೀನಿ. ಆ ಹನ್ನೆರಡ ಮನಿಗಿ ಹೋಗ್ರಿ. ಅವ್ರ ಮುಂದ ನಿಂತ ಹೇಳ್ರಿ, ನೀವು ವರ್ಷಪೂರ್ತಿ ದುಡದೀರಿ, ಬರಿಯಾಂವ ಕಳ್ಳ ಇದ್ದ ಅಂತ. ಹೇಳಿ ಬಂದ ಮ್ಯಾಲ ಇಲ್ಲಿ ಬರ್ರಿ, ಚಾ ಮಾಡ್ತೀನಿ.”

ಜೋಳದ ಹಿಟ್ಟು ಕಟ್ಟಿ ಕೊಟ್ಟಳು, ಎಲ್ಲರಷ್ಟೇ ದುಡ್ಡು ತೆಗೆದುಕೊಂಡಳು.

ನಾನು ಹೋಗಲಿಲ್ಲ. ಮಳೆಗಾಲ ಮುಗಿಯಲಿ ಎಂದೆ, ಮಗಳ ಬಾಣಂತನ ಮುಗಿಯಲಿ ಎಂದೆ, ಮೊಣಕಾಲು ನೋವು ಎಂದೆ. ಅವಳ ಓಣಿಯನ್ನು ತಪ್ಪಿಸಿ ಪೇಟೆಗೆ ಹೋಗುವುದನ್ನು ಕಲಿತೆ. ಎರಡು ಸಾವಿರದ ಹತ್ತರ ದಶಕದ ಕೊನೆಯಲ್ಲಿ ಅವಳ ಎದೆ ಪೂರಾ ಕಟ್ಟಿಕೊಂಡಿತು. ತೀರಿಕೊಂಡದ್ದು ನನಗೆ ತಿಳಿದದ್ದು ಹಿಟ್ಟು ಬೀಸಿಸಲು ಹೋದ ಸೊಸೆಯಿಂದ, ಗಿರಣಿ ಬಂದ್ ಇತ್ತೆಂದು ವಾಪಸು ಬಂದಿದ್ದಳು. ಮಣ್ಣಿಗೂ ನಾನು ಹೋಗಲಿಲ್ಲ.

ಆ ಮದುವೆಯ ದಿನ ಮನೆಗೆ ಬಂದವನೇ ಒಂದು ಹಾಳೆಯ ಮೇಲೆ ಇಪ್ಪತ್ನಾಲ್ಕು ಹೆಸರು ಬರೆದೆ. ಒಂದೂ ಮರೆತಿರಲಿಲ್ಲ. ಕಾಯ್ದೆಯ ಅವಧಿ ಯಾವಾಗಲೋ ಮುಗಿದಿದೆ, ಮಾಲಕರೂ ಇಲ್ಲ. ಈ ಹೆಸರುಗಳಿಂದ ಯಾರಿಗೂ ಒಂದು ಪೈಸೆ ಹುಟ್ಟುವುದಿಲ್ಲ, ಅದು ನನಗೆ ಗೊತ್ತು. ಆದರೂ ಹೊರಟೆ. ನಿಪ್ಪಾಣಿಯಲ್ಲೇ ಇದ್ದ ನಾಲ್ವರ ಮನೆಗೆ ಮೊದಲು ಹೋದೆ. ಒಬ್ಬಳಿಗೆ ನನ್ನ ಗುರುತು ಹತ್ತಲಿಲ್ಲ. ಒಬ್ಬಳು ಅಳುತ್ತ ಕುಳಿತಳು. ಒಬ್ಬಳ ಮಗ ನನ್ನನ್ನು ಓಣಿಯ ತುದಿಯವರೆಗೂ ಬೈಯುತ್ತ ಬಂದ, ಬೈಯಲಿ ಎಂದು ನಿಧಾನವಾಗಿ ನಡೆದೆ. ನಾಲ್ಕನೆಯವಳು ಎಲ್ಲ ಕೇಳಿಕೊಂಡು ಬಾಗಿಲು ಹಾಕಿಕೊಂಡಳು.

ಹೋದ ವಾರ ಐನಾಪುರಕ್ಕೆ ಹೋಗಿದ್ದೆ. ಐನಾಪುರದಾಕಿ ತೀರಿಕೊಂಡು ಎರಡು ವರ್ಷವಾಗಿತ್ತಂತೆ. ಸೊಸೆ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದಳು. ನೀರು ಕೊಟ್ಟಳು, ಯಾರ ಪೈಕಿ ಎಂದು ಕೇಳಿದಳು. ನಾನು ನಿಂತೇ ಹೇಳಿದೆ: ನಿಮ್ಮ ಅತ್ತೆ ನಮ್ಮ ವಖಾರಿಯಲ್ಲಿ ಹದಿನಾಲ್ಕು ವರ್ಷ ಖಾಡೆ ಇಲ್ಲದೆ ದುಡಿದಿದ್ದಾರೆ. ದುಡಿದಿಲ್ಲ ಎಂದು ಬರೆದವನು ನಾನು. ಸಾಹೇಬರು ಕೇಳಿದಾಗಲೂ ಹೇಳಲಿಲ್ಲ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಕೈ ನಿಲ್ಲಿಸಲಿಲ್ಲ.

“ದುಡದಾರ ಅನ್ನೂದು ನಮಗ ಯಾವತ್ತೋ ಗೊತ್ತೈತ್ರಿ ಅಜ್ಜಾ. ನಿಮಗ ಈಗ ಗೊತ್ತಾತೇನು?”

ಹೌದವ್ವ, ಈಗ ಗೊತ್ತಾಯಿತು ಎಂದೆ.

ಈ ಮಾತನ್ನು ಒಯ್ದು ಜರಡಿ ಅಕ್ಕನ ಮುಂದೆ ಇಟ್ಟಿದ್ದರೆ ಅವಳಿಗೆ ನಗು ಬರುತ್ತಿತ್ತು, ನಗುವಿನ ಹಿಂದೆ ಕೆಮ್ಮು. ಗಿರಣಿ ಇದ್ದ ಕೋಣೆಯಲ್ಲಿ ಈಗ ಯಾರೋ ಮೊಬೈಲ್ ರಿಪೇರಿ ಮಾಡುತ್ತಾರೆ. ಮಗಳು ದೂರದ ಊರಿನ ಆಸ್ಪತ್ರೆಯೊಂದರಲ್ಲಿದ್ದಾಳೆ ಎಂದು ಕೇಳಿದ್ದೇನೆ. ಹೇಳಿ ಬಂದೆ ಎಂದು ಒಪ್ಪಿಸಲು ನನಗೆ ಈಗ ಯಾರೂ ಇಲ್ಲ... ಇನ್ನೂ ಏಳು ಮನೆ ಇವೆ. ಅಥಣಿಯಿಂದ ತೆಲಸಂಗಕ್ಕೆ ಮುಂಜಾನೆ ಒಂದು ಬಸ್ಸಿದೆಯಂತೆ. ಮಗನಿಗೆ ಹೇಳಿಲ್ಲ. ನಾಳೆ ಹೋಗುತ್ತೇನೆ.